ಗೋವಾ ದಾರಿಯ ದಂಡಿನ ಊರು

ಬೆಂಗಳೂರಿಂದ ಕಾರಲ್ಲಿ ಗೋವಾಕ್ಕೆ ಹೋಗೋ ಗೆಳೆಯರು ಬೆಳಗಾವಿಯಲ್ಲಿ ನಿಲ್ಲೋದು ಎರಡೇ ಕಾರಣಕ್ಕೆ. ಒಂದು ಡೀಸೆಲ್, ಇನ್ನೊಂದು ಕುಂದಾ. ಆಮೇಲೆ ಸೀದಾ ಚೋರ್ಲಾ ಘಾಟ್. ಅವರನ್ನ ಬೈಯೋಕೂ ಆಗಲ್ಲ. ಈ ಊರಿನ ಹೆಸರು ಪೇಪರಲ್ಲಿ ದೊಡ್ಡದಾಗಿ ಬರೋದೇ ವರ್ಷಕ್ಕೆ ಎರಡು ಸಲ: ನವೆಂಬರ್ 1ರ ಆಸುಪಾಸು ಗಡಿ ಗಲಾಟೆ ಆದಾಗ, ಚಳಿಗಾಲದಲ್ಲಿ ಸುವರ್ಣಸೌಧದಲ್ಲಿ ಅಧಿವೇಶನ ನಡೆದಾಗ. ನಮ್ಮ ಉಗಾರ ಖುರ್ದದ ಕಡೆಯವರಿಗೂ ಬೆಳಗಾವಿ ನೋಡೋ ಊರಲ್ಲ, ಕೆಲಸ ಬಿದ್ದಾಗ ಹೋಗೋ ಊರು. ಡಿಸಿ ಆಫೀಸು, ದೊಡ್ಡ ದವಾಖಾನಿ, ಇಲ್ಲಾಂದ್ರೆ ಮಿಲಿಟರಿ ಭರ್ತಿ.

ಆ ಮೂರನೇ ಕಾರಣದಲ್ಲೇ ಈ ಊರಿನ ಅಸಲಿ ಕಥೆ ಇದೆ. ಒಂದು ದಿನ ಪುರಸೊತ್ತು ಮಾಡಿಕೊಂಡು ಕೋಟೆ, ಕ್ಯಾಂಪ್, ಟಿಳಕವಾಡಿ ಸುತ್ತಿದರೆ ಸಾಕು. ಬೆಳಗಾವಿಯನ್ನ ಕಟ್ಟಿದ್ದೂ ಕೆಡವಿದ್ದೂ, ಕೊನೆಗೆ ಒಂದಷ್ಟು ಉಳಿಸಿದ್ದೂ ಸೈನ್ಯಗಳೇ ಅನ್ನೋದು ಗೊತ್ತಾಗುತ್ತೆ.

ಮೊದಲು ಕೋಟೆಗೆ ಹೋಗಿ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಬೆಟ್ಟದ ಮೇಲಿನ ಕೋಟೆ ಅಲ್ಲ ಇದು, ಸಪಾಟು ನೆಲದ ಮೇಲೆ ಸುತ್ತ ಕಂದಕ ತೋಡಿ ಕಟ್ಟಿದ್ದು. ಬಾಗಿಲ ಹತ್ತಿರವೇ ಗಣಪತಿ ಮತ್ತು ದುರ್ಗೆ. ಒಳಗೆ ಕೆಲವು ಭಾಗ ಈಗಲೂ ಸೇನೆಯದು, ಹಾಗಾಗಿ ಎಲ್ಲಿ ಬೇಕಲ್ಲಿ ಮೊಬೈಲ್ ಎತ್ತಬೇಡಿ, ಕಾವಲಿನವರನ್ನ ಕೇಳಿಕೊಂಡು ಮುಂದೆ ಹೋಗಿ.

ಒಳಗೆ ನೋಡಲೇಬೇಕಾದ್ದು ಕಮಲ ಬಸದಿ. ಸವದತ್ತಿ ಕಡೆಯಿಂದ ಬಂದ ರಟ್ಟರು ಆಗ ವೇಣುಗ್ರಾಮ ಅನ್ನಿಸಿಕೊಂಡಿದ್ದ ಈ ಊರನ್ನ ಆಳುತ್ತಿದ್ದರು. ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಈ ಬಸದಿ ಕಟ್ಟಿಸಿದ. ಮಂಟಪದಲ್ಲಿ ನಿಂತು ಕತ್ತೆತ್ತಿ. ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ, ಅದರಿಂದಲೇ ಬಸದಿಗೆ ಈ ಹೆಸರು. ಒಳಗೆ ನೇಮಿನಾಥ. ನಮ್ಮ ಕೃಷ್ಣಾ ದಂಡೆಯ ಊರುಗಳವರಿಗೆ ಬಸದಿ ಹೊಸದೇನಲ್ಲ, ಆದರೆ ಇಂಥ ಕಮಲ ನಮ್ಮ ಕಡೆ ಇಲ್ಲ. ಎಂಟು ನೂರು ವರ್ಷದಲ್ಲಿ ಎಷ್ಟು ದಂಡು ಬಂದವು, ಎಷ್ಟು ಹೋದವು! ಅದು ಮಾತ್ರ ಅಲ್ಲೇ ತೂಗುತ್ತಾ ಇದೆ.

ಆದರೆ ಬಸದಿಯ ಹುಟ್ಟಿನ ದಾಖಲೆ ಇಲ್ಲಿಲ್ಲ. ಬಸದಿ ಕಟ್ಟಿಸಿದ್ದು, ಅದಕ್ಕೆ ದತ್ತಿ ಬಿಟ್ಟಿದ್ದು, ಇವನ್ನ ಹೇಳೋ 1204ರ ಎರಡು ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಆನ್‌ಸೈಟ್ ಅಂತ ಲಂಡನ್ನಿಗೆ ಹೋದವರು ಕೊಹಿನೂರ್ ಬಗ್ಗೆ ಎಷ್ಟು ಮಾತಾಡ್ತಾರೆ! ನಮ್ಮ ಜಿಲ್ಲೆಯ ಕಲ್ಲುಗಳ ಬಗ್ಗೆಯೂ ಒಮ್ಮೆ ವಿಚಾರಿಸಿ ಬನ್ನಿ.

ರಟ್ಟರಾದ ಮೇಲೆ ಸೇವುಣರು, ಆಮೇಲೆ ವಿಜಯನಗರ. 1470ರ ದಶಕದಲ್ಲಿ ಬಹಮನಿಗಳ ಮಹಮೂದ್ ಗವಾನ್ ಬಂದು ಕೋಟೆ ಗೆದ್ದ. ನಂತರ ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಅಸದ್ ಖಾನ್ ಇಲ್ಲಿನ ಹಿರಿಯ ಸರದಾರನಾಗಿದ್ದ. ಕೋಟೆಯೊಳಗಿನ ಸಫಾ ಮಸೀದಿ ಆ ಕಾಲದ್ದು. ಅದರ ಕಂಬಗಳನ್ನ ಗಮನಿಸಬೇಕು. ಕೆಲವು ಹಳೆಯ ಗುಡಿಗಳಿಂದ ಬಂದವು, ರಟ್ಟರ ಮತ್ತು ಸೇವುಣರ ಕಾಲದ ಶಾಸನಗಳು ಅವುಗಳ ಮೇಲೆ ಹಾಗೇ ಉಳಿದಿವೆ. ಗೆದ್ದವನು ಸೋತವನ ಕಲ್ಲು ತಗೊಂಡು ಕಟ್ಟೋದು ಈ ಕೋಟೆಯಲ್ಲಿ ಯಾವ ಒಬ್ಬರ ಅಭ್ಯಾಸವೂ ಅಲ್ಲ. ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಕಂಬಗಳ ಫೋಟೋ ಓಡಾಡುತ್ತವೆ, ಕೆಳಗೆ ಜಗಳ ಶುರುವಾಗುತ್ತೆ. ಆ ಶಾಸನದಲ್ಲಿ ಏನು ಬರೆದಿದೆ ಅಂತ ಕೇಳಿದವರನ್ನ ನಾನಂತೂ ನೋಡಿಲ್ಲ.

ಕೋಟೆಯ ಕೊನೆಯ ದೊಡ್ಡ ಮುತ್ತಿಗೆ 1818ರದು. ಪೇಶ್ವೆಯ ಪಡೆ ಒಳಗೆ, ಥಾಮಸ್ ಮನ್ರೋ ಹೊರಗೆ. ಹೌದು, ಶಾಲೆಯಲ್ಲಿ ರೈತವಾರಿ ಪದ್ಧತಿ ಅಂತ ಓದಿದ್ವಲ್ಲ, ಅದೇ ಮನ್ರೋ. ಮೂರು ವಾರ ಫಿರಂಗಿ ಹೊಡೆದ ಮೇಲೆ ಏಪ್ರಿಲ್‌ನಲ್ಲಿ ಕೋಟೆ ಶರಣಾಯ್ತು. ಆರೇ ವರ್ಷಕ್ಕೆ ಕಿತ್ತೂರಿನ ಯುದ್ಧ. 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಪಡೆಯ ಕೈಯಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಬ್ರಿಟಿಷರು ಮತ್ತೆ ಬಂದಾಗ ಸತ್ತವರಲ್ಲಿ ಮನ್ರೋನ ಸಂಬಂಧಿಯೊಬ್ಬನೂ ಇದ್ದ. ಕಿತ್ತೂರು ಇಲ್ಲಿಂದ ಹೈವೇಯಲ್ಲಿ ಒಂದು ಗಂಟೆಯೂ ಇಲ್ಲ, ಬೆಂಗಳೂರಿಂದ ಬರೋವಾಗ ದಾರಿಯಲ್ಲೇ ಸಿಗುತ್ತೆ.

ಸಮುದ್ರಮಟ್ಟದಿಂದ ಸುಮಾರು ಎರಡೂವರೆ ಸಾವಿರ ಅಡಿ ಎತ್ತರ, ತಂಪು ಹವೆ, ಘಟ್ಟ ಇಳಿದರೆ ಪೋರ್ಚುಗೀಸರ ಗೋವಾ. ಬ್ರಿಟಿಷರಿಗೆ ದಂಡು ಇಡೋಕೆ ಇನ್ನೇನು ಬೇಕಿತ್ತು? ಕೋಟೆಯ ಪಶ್ಚಿಮಕ್ಕೆ ಕ್ಯಾಂಪ್ ಎದ್ದಿತು. ಇವತ್ತಿಗೂ ಊರವರು ‘ಕ್ಯಾಂಪ್’ ಅಂತಲೇ ಅನ್ನೋದು. ಗಣಪತ್ ಗಲ್ಲಿಯ ನೂಕುನುಗ್ಗಲಿನಿಂದ ಅಲ್ಲಿಗೆ ಹೋದರೆ ಬೇರೆ ಊರಿಗೇ ಬಂದ ಹಾಗಾಗುತ್ತೆ. ನೆಟ್ಟಗಿನ ರಸ್ತೆ, ದೊಡ್ಡ ಮರಗಳು, ಕಾಂಪೌಂಡಿನ ಒಳಗೆ ಹೆಂಚಿನ ಬಂಗಲೆಗಳು, ಸೇಂಟ್ ಮೇರೀಸ್ ಚರ್ಚು, ಹೈ ಸ್ಟ್ರೀಟ್. ಸಂಜೆಯಾದ್ರೆ ಮಿಲಿಟರಿ ಮಹಾದೇವ ಗುಡಿಗೆ ಹೋಗಿ. ದೇವರಿಗೇ ಮಿಲಿಟರಿ ಅಂತ ಹೆಸರು ಸೇರಿಕೊಂಡಿರೋ ಊರು ಬೇರೆ ಎಲ್ಲಿದೆಯೋ ನನಗಂತೂ ಗೊತ್ತಿಲ್ಲ. ಗುಡಿಯನ್ನ ನೋಡಿಕೊಳ್ಳೋದು ಸೇನೆಯೇ, ಅಂಗಳದ ಸ್ವಚ್ಛತೆ ನೋಡಿದರೆ ಹೇಳಬೇಕಾಗಿಲ್ಲ. ಹಳೆ ಊರಿನೊಳಗೆ ರಿಸಾಲ್ದಾರ್ ಗಲ್ಲಿ ಅಂತಿದೆ. ರಿಸಾಲ್ದಾರ್ ಅಂದ್ರೆ ಕುದುರೆ ಪಡೆಯ ಅಧಿಕಾರಿ. 1892ರ ಅಕ್ಟೋಬರಿನಲ್ಲಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಉಳಿದಿದ್ದು ಅದೇ ಗಲ್ಲಿಯ ವಕೀಲರೊಬ್ಬರ ಮನೆಯಲ್ಲಿ.

ಇನ್ನು ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ. 1768ರಲ್ಲಿ ಮುಂಬೈಯಲ್ಲಿ ಕಟ್ಟಿದ ಸಿಪಾಯಿ ಪಡೆ ಇದರ ಮೂಲ. 1922ರಲ್ಲಿ ಹಳೆಯ ಮರಾಠಾ ಪಲ್ಟನ್‌ಗಳನ್ನ ಒಂದೇ ರೆಜಿಮೆಂಟಿನಡಿ ತಂದಾಗ ಅದರ ತರಬೇತಿ ಬೆಳಗಾವಿಗೆ ಬಂತು. ಪರವಾನಗಿ ಇಲ್ಲದೆ ಒಳಗೆ ಬಿಡಲ್ಲ. ಆದರೆ ಬೆಳಗಿನ ಜಾವ ಕ್ಯಾಂಪಿನ ರಸ್ತೆಯಲ್ಲಿ ನಿಂತರೆ ಓಡೋ ಹುಡುಗರನ್ನ ನೋಡಬಹುದು.

ಒಳಗೆ ಶರ್ಕತ್ ಹೆಸರಿನ ಯುದ್ಧ ಸ್ಮಾರಕ ಇದೆ. ಶರ್ಕತ್ ಇರೋದು ಇರಾಕಿನಲ್ಲಿ, ಟೈಗ್ರಿಸ್ ದಂಡೆಯ ಮೇಲೆ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ಅಕ್ಟೋಬರ್ 30ರಂದು, 114ನೇ ಮರಾಠಾ ಪಲ್ಟನ್ ಅಲ್ಲಿ ತುರ್ಕರ ವಿರುದ್ಧ ಕಾದಿತು. ಆ ಪಲ್ಟನ್ನೇ ಮುಂದೆ ಬೆಳಗಾವಿಯ ತರಬೇತಿ ಪಲ್ಟನ್ ಆಯ್ತು, ಹಾಗಾಗಿ ಇರಾಕಿನ ಊರೊಂದು ಇಲ್ಲಿನ ನೆನಪಿನಲ್ಲಿ ಕೂತಿದೆ. ಅದಕ್ಕೂ ಎರಡು ವರ್ಷ ಹಿಂದೆ ಅದೇ ನದಿಯ ಕೂತ್ ಊರಿನಲ್ಲಿ ಮೂರು ಮರಾಠಾ ಪಲ್ಟನ್‌ಗಳು ಸುಮಾರು ಐದು ತಿಂಗಳು ಮುತ್ತಿಗೆಯಲ್ಲಿ ಸಿಕ್ಕಿಕೊಂಡವು. 1916ರ ಏಪ್ರಿಲ್‌ನಲ್ಲಿ, ಕಾಳು ಮುಗಿದು, ಶರಣಾಗತಿ. ಜೋಳ, ಕಬ್ಬು ಬೆಳೆಯೋ ಊರುಗಳ ಹುಡುಗರು ಮರಳುಗಾಡಿನಲ್ಲಿ ಸೆರೆಯಾಳಾಗಿ ನಡೆದು ಸತ್ತರು. ಎರಡನೇ ಮಹಾಯುದ್ಧದಲ್ಲಿ ಇಟಲಿ: ನಾಯಕ್ ಯಶವಂತ ಘಾಡ್ಗೆ 1944ರಲ್ಲಿ, ಸಿಪಾಯಿ ನಾಮದೇವ ಜಾಧವ 1945ರಲ್ಲಿ ತೋರಿದ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದರು. ಘಾಡ್ಗೆ ಆ ಕಾಳಗದಲ್ಲೇ ಸತ್ತ.

ಇಲ್ಲೊಂದು ಮಾತು ಹೇಳಬೇಕು. ಬೋರ್ಡು ಯಾವ ಭಾಷೆಯಲ್ಲಿರಬೇಕು ಅಂತ ಈ ಊರಲ್ಲಿ ಬಸ್ಸಿಗೆ ಮಸಿ ಬಳಿಯೋವರೆಗೂ ಜಗಳ ಹೋಗಿದೆ. ಮಹಾಜನ್ ವರದಿ ಬಂದು 1967ಕ್ಕೇ ಮುಗಿದ ಮಾತು ಅಂತ ನಾವು, ಮುಗಿದಿಲ್ಲ ಅಂತ ಅವರು. ಆದರೆ ಅದೇ ಊರಿನ ಮಧ್ಯೆ, ಕರ್ನಾಟಕದ ನೆಲದ ಮೇಲೆ, ಶಿವಾಜಿಯ ಹೆಸರಿನ ರಣಘೋಷ ಕೂಗೋ ರೆಜಿಮೆಂಟ್ ನೂರು ವರ್ಷದಿಂದ ಇದೆ. ನಮ್ಮ ಹಳ್ಳಿಯ ಹುಡುಗರು ಅದರ ಭರ್ತಿಗೆ ಹೊತ್ತು ಮೂಡೋ ಮುಂಚೆ ಸಾಲು ನಿಲ್ತಾರೆ. ಇದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರಬಾರದು ಕೂಡ.

ಕ್ಯಾಂಪಿನಿಂದ ರೈಲು ಹಳಿ ದಾಟಿದರೆ ಟಿಳಕವಾಡಿ. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ನಡೆಸಿದರು, ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟರು, ನೀರಿಗೆ ಅಂತ ಬಾವಿ ತೋಡಿಸಿದರು. ಬಾವಿ ಈಗಲೂ ಇದೆ, ಪಕ್ಕದಲ್ಲಿ ವೀರಸೌಧ. ಬ್ರಿಟಿಷರ ದಂಡಿನ ಮಗ್ಗುಲಲ್ಲೇ ಅಹಿಂಸೆಯ ಸಭೆ ಇಡೋಕೆ ಗಟ್ಟಿ ಗುಂಡಿಗೆ ಬೇಕು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಹಾಡು ಕೇಳಿಸಿದ್ದೂ ಅಲ್ಲೇ.

ಮತ್ತೆ ಗೋವಾ ವಿಷಯಕ್ಕೆ ಬರೋಣ. 1961ರಲ್ಲಿ ಭಾರತದ ಸೈನ್ಯವೂ ಬೆಳಗಾವಿಯಲ್ಲಿ ನಿಂತೇ ಗೋವಾಕ್ಕೆ ಹೋಯ್ತು. ಆಗ್ರಾದಿಂದ 50ನೇ ಪ್ಯಾರಾ ಬ್ರಿಗೇಡ್ ಬಂದು ಇಲ್ಲಿ ಸೇರಿತು. ಡಿಸೆಂಬರ್ 18ರ ಬೆಳಗ್ಗೆ ಸಾಂಬ್ರಾ ನಿಲ್ದಾಣದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನ ಹೊಡೆದವು. ಮರುದಿನ ಪಣಜಿ ಕೈಗೆ ಬಂತು. 451 ವರ್ಷದ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ನೀವು ಇಂಡಿಗೋದಲ್ಲಿ ಬಂದು ಇಳಿಯೋದು ಅದೇ ಸಾಂಬ್ರಾದಲ್ಲಿ, ವಾಯುಪಡೆಯ ತರಬೇತಿ ಶಾಲೆ ಪಕ್ಕದಲ್ಲೇ ಇದೆ. ನಮ್ಮ ಕಡೆಯಿಂದ ಮಿರಜ ಲೈನಿನ ರೈಲಿನಲ್ಲಿ ಕೃಷ್ಣೆ, ಕುಡಚಿ, ರಾಯಬಾಗ, ಘಟಪ್ರಭಾ ದಾಟಿ ಬರೋರಿಗೂ ಬೆಳಗಾವಿಗಿಂತ ಮುಂಚೆ ಸಿಗೋ ಸ್ಟೇಷನ್ ಸಾಂಬ್ರೆ.

ಇದನ್ನೆಲ್ಲ ಈಗಲೇ ನೋಡಿ ಅನ್ನೋಕೆ ಕಾರಣ ಇದೆ. ಕರ್ನಾಟಕದಲ್ಲಿ ಉಳಿದಿರೋ ಒಂದೇ ಕಂಟೋನ್ಮೆಂಟ್ ಬೋರ್ಡ್ ಬೆಳಗಾವಿಯದು. 2023ರಿಂದ ಕೇಂದ್ರ ಸರ್ಕಾರ ಕಂಟೋನ್ಮೆಂಟ್‌ಗಳ ನಾಗರಿಕ ಬಡಾವಣೆಗಳನ್ನ ಸ್ಥಳೀಯ ಸಂಸ್ಥೆಗಳಿಗೆ ಸೇರಿಸೋಕೆ ಹೊರಟಿದೆ, ಹಿಮಾಚಲದ ಯೋಲ್‌ನಿಂದ ಶುರುವಾಗಿದೆ. ಕ್ಯಾಂಪಿನಲ್ಲಿ ಇರೋರ ಕಷ್ಟವೂ ನಿಜ. ಒಂದು ಗೋಡೆ ಎಬ್ಬಿಸಬೇಕಂದ್ರೂ ಬೋರ್ಡಿನ ಮುಂದೆ ಕಾಯಬೇಕು, ಬಂಗಲೆ ನಿಮ್ಮದಾದ್ರೂ ಕೆಳಗಿನ ನೆಲ ಸರ್ಕಾರದ್ದು. ಆದರೆ ಆ ಕಟ್ಟುನಿಟ್ಟೇ ಇಷ್ಟು ವರ್ಷ ಮರಗಳನ್ನ, ಹೆಂಚಿನ ಮನೆಗಳನ್ನ ಕಾದಿದ್ದು. ಪರೇಡ್ ಮೈದಾನ ಸೇನೆಯ ಹತ್ತಿರವೇ ಇರುತ್ತೆ. ಹೈ ಸ್ಟ್ರೀಟಿನ ಆಸುಪಾಸು ಪಾಲಿಕೆ ಕೈಗೆ ಬಂದರೆ ಮೊದಲು ಬರೋರು ಬಿಲ್ಡರುಗಳು. ಬೆಂಗಳೂರಿನ ದಂಡನ್ನೂ ಪೇಟೆಯನ್ನೂ 1949ರಲ್ಲಿ ಒಂದೇ ಕಾರ್ಪೊರೇಶನ್ ಮಾಡಿದರು. ಅಲ್ಲಿನ ಬಂಗಲೆಗಳಲ್ಲಿ ಈಗ ಎಷ್ಟು ಉಳಿದಿವೆ ಅಂತ, ಎಂ.ಜಿ. ರೋಡಿನ ಆಫೀಸಿಗೆ ಹೋಗೋ ನಿಮಗೇ ಚೆನ್ನಾಗಿ ಗೊತ್ತು.