ಮರಳಿ ಬಂದ ಹಣ ಆದಾಯವೇ?

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆದರೆ ನಾನಾ ಚೌಕ. ಅಲ್ಲಿ ಮುಂಬಯಿ ಮಹಾನಗರಪಾಲಿಕೆಯ ಡಿ ವಾರ್ಡ್ ಕಚೇರಿ ಇದೆ. ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್, ಕಂಪ್ಯೂಟರ್ ಮತ್ತು ಅದರ ಬಿಡಿಭಾಗಗಳ ಪೇಟೆ. ಒಂದು ಕಡೆ ತೆರಿಗೆ ಕಟ್ಟುವ ಜಾಗ, ಇನ್ನೊಂದು ಕಡೆ ತೆರಿಗೆಯ ಲೆಕ್ಕ ಒಪ್ಪಿಸುವ ಯಂತ್ರ ಸಿಗುವ ಜಾಗ. ಜುಲೈ ತಿಂಗಳಲ್ಲಿ ರಿಟರ್ನ್ ಸಲ್ಲಿಸಲು ಕುಳಿತವರನ್ನು ಕಾಡುವ ಒಂದು ಪ್ರಶ್ನೆ ಈ ಎರಡರ ನಡುವೆ ಸಿಕ್ಕಿಕೊಂಡಿದೆ: ಪಾಲಿಕೆಗೋ ಸರ್ಕಾರಕ್ಕೋ ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸು ಬಂದರೆ, ಆ ಹಣದ ಮೇಲೂ ಆದಾಯ ತೆರಿಗೆ ಉಂಟೇ?

ನಮ್ಮದೇ ಹಣ ನಮಗೆ ಬಂದರೆ ಅದೆಂಥ ಆದಾಯ ಎಂದು ಕೇಳುವುದು ಸಹಜ. ಆದರೆ ಕಾನೂನು ಮೊದಲು ನೋಡುವುದು ಇನ್ನೊಂದು ಸಂಗತಿಯನ್ನು. ಆ ಹಣ ಕಟ್ಟಿದ ವರ್ಷ ಅದನ್ನು ಖರ್ಚೆಂದು ತೋರಿಸಿ ಆದಾಯದಿಂದ ಕಳೆದುಕೊಂಡಿದ್ದಿರೋ ಇಲ್ಲವೋ? ಕಳೆದುಕೊಂಡಿಲ್ಲವಾದರೆ ಮರಳಿ ಬಂದದ್ದು ಬರೀ ಮರಳಿ ಬಂದದ್ದು. ಕಳೆದುಕೊಂಡಿದ್ದರೆ ಹಳೆಯ ಲೆಕ್ಕ ಮತ್ತೆ ಬಾಗಿಲು ತಟ್ಟುತ್ತದೆ. ಇಷ್ಟು ಸರಳ ಮಾತು ನಮ್ಮ ಕಾಯ್ದೆಯೊಳಗೆ ಬರಲು ಹಲವು ವರ್ಷ ಹಿಡಿಯಿತು, ಮತ್ತು ಆ ಕತೆ ಬಹುಪಾಲು ಮುಂಬಯಿಯದೇ.

1948ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಂದೆ ಮೊಹಸಿನ್ ರೆಹಮಾನ್ ಪೇಣಕರ್ ಪ್ರಕರಣ ಬಂತು. ಎಂ. ಸಿ. ಛಾಗ್ಲಾ ಆಗ ಮುಖ್ಯ ನ್ಯಾಯಮೂರ್ತಿ. ವ್ಯಾಪಾರದಲ್ಲಿ ಕೊಡಬೇಕಾಗಿದ್ದ ಬಾಕಿಯನ್ನು ಕೊಡಬೇಕಾದವರೇ ಬಿಟ್ಟುಕೊಟ್ಟರೆ, ಬಿಟ್ಟ ಮೊತ್ತ ವ್ಯಾಪಾರಿಯ ಆದಾಯವಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಆ ಬಾಕಿಯನ್ನು ಹಿಂದೆಯೇ ಖರ್ಚೆಂದು ಕಳೆದುಕೊಂಡಾಗಿದೆ, ಈಗ ಕೊಡುವುದೂ ತಪ್ಪಿತು, ಹಾಗಾದರೆ ಇದು ಲಾಭವೇ ಎನ್ನುವುದು ಇಲಾಖೆಯ ವಾದ. ಕೋರ್ಟು ಒಪ್ಪಲಿಲ್ಲ. ಸಾಲ ಮನ್ನಾ ಆದ ಮಾತ್ರಕ್ಕೆ ಆದಾಯ ಹುಟ್ಟುವುದಿಲ್ಲ ಎಂದಿತು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಕೂಡ 1932ರಲ್ಲಿ ಬ್ರಿಟಿಷ್ ಮೆಕ್ಸಿಕನ್ ಪೆಟ್ರೋಲಿಯಂ ಕಂಪನಿಯ ಪ್ರಕರಣದಲ್ಲಿ ಇದೇ ದಾರಿ ಹಿಡಿದಿತ್ತು.

ವ್ಯಾಪಾರಿಗಳಿಗೆ ಇದು ಹಬ್ಬ. ಸರ್ಕಾರಕ್ಕೆ ಮಾತ್ರ ತನ್ನ ಬೊಕ್ಕಸದ ತೂತು ಕಣ್ಣಿಗೆ ಬಿತ್ತು. 1955ರ ಹಣಕಾಸು ಕಾಯ್ದೆ 1922ರ ಆದಾಯ ತೆರಿಗೆ ಕಾಯ್ದೆಗೆ 10(2ಎ) ಎಂಬ ಉಪಕಲಮನ್ನು ಹೊಲಿಯಿತು. ಹಿಂದೆ ಖರ್ಚೆಂದು ಕಳೆದುಕೊಂಡದ್ದು ಮುಂದೆ ಯಾವುದಾದರೂ ರೂಪದಲ್ಲಿ ಮರಳಿದರೆ, ಮರಳಿದ ವರ್ಷದ ವ್ಯಾಪಾರದ ಆದಾಯ ಅದು ಎಂಬುದು ಅದರ ಸಾರ. 1961ರ ಕಾಯ್ದೆಯಲ್ಲಿ ಇದೇ 41(1)ನೇ ಕಲಮಾಯಿತು. ಮಾರಾಟ ತೆರಿಗೆ, ಅಬಕಾರಿ ಸುಂಕ ಮರಳಿ ಬಂದ ಎಷ್ಟೋ ಪ್ರಕರಣಗಳು ಈ ಕಲಮಿನ ಬಲೆಗೆ ಬಿದ್ದವು. 2002ರಲ್ಲಿ ಪಾಲಿಫ್ಲೆಕ್ಸ್ ಎಂಬ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಗಿ ಮಾಡಿತು. ಸುಂಕದ ಹಣ ಕೈಗೆ ಬಂದಿದೆಯೇ? ಬಂದಿದ್ದರೆ ಸಾಕು, ಮೇಲ್ಮನವಿ ಬಾಕಿ ಇದೆ ಎನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ.

ಈಗ ನಾನಾ ಚೌಕಕ್ಕೆ ಬರೋಣ. 1888ರ ಪಾಲಿಕೆ ಕಾಯ್ದೆಯಂತೆ ಮುಂಬಯಿಯ ಆಸ್ತಿ ತೆರಿಗೆ ಬಾಡಿಗೆಯ ಬೆಲೆಯ ಮೇಲೆ ನಿಂತಿತ್ತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿದ್ದರಿಂದ ಗ್ರಾಂಟ್ ರೋಡ್, ಗಿರ್ಗಾಂವ್ ಕಡೆಯ ಪಗಡಿ ಕಟ್ಟಡಗಳ ತೆರಿಗೆಯೂ ನಿಂತಲ್ಲೇ ನಿಂತಿತು. ಈ ಗಂಟು ಬಿಡಿಸಲು ಪಾಲಿಕೆ 2010ರ ಏಪ್ರಿಲ್‌ನಿಂದ ಬಂಡವಾಳ ಮೌಲ್ಯದ ಮೇಲೆ ತೆರಿಗೆ ಹಾಕತೊಡಗಿತು. ಆಸ್ತಿ ಮಾಲೀಕರು ಕೋರ್ಟಿಗೆ ಹೋದರು. 2019ರಲ್ಲಿ ಬಾಂಬೆ ಹೈಕೋರ್ಟು, 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು, ನಿಯಮಗಳಲ್ಲಿ 20, 21 ಮತ್ತು 22ನ್ನು ತಳ್ಳಿಹಾಕಿದವು. ಜಾಗದಲ್ಲಿ ಮುಂದೆ ಏನು ಕಟ್ಟಬಹುದೆಂಬ ಊಹೆಗೆ ತೆರಿಗೆ ಹಾಕುವಂತಿಲ್ಲ, ಈಗ ಇರುವುದಕ್ಕೆ ಹಾಕಿ ಎಂಬುದು ತಿರುಳು. ವರ್ಷಗಟ್ಟಲೆ ಹಳೆಯ ಬಿಲ್ಲುಗಳ ಲೆಕ್ಕ ಕದಡಿತು. ಹೆಚ್ಚು ಕಟ್ಟಿದವರಿಗೆ ಹಣ ಮರಳಿದರೆ ಆದಾಯ ತೆರಿಗೆಯ ರಿಟರ್ನಿನಲ್ಲಿ ಅದನ್ನು ಎಲ್ಲಿ ಬರೆಯುವುದು ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಇಲ್ಲಿ ಮೂರು ತರಹದವರಿದ್ದಾರೆ. ಅಂಗಡಿ, ಹೋಟೆಲು ನಡೆಸುವ ಸ್ವಂತ ಜಾಗಕ್ಕೆ ತೆರಿಗೆ ಕಟ್ಟಿ ವ್ಯಾಪಾರದ ಖರ್ಚಿಗೆ ಹಾಕಿದವರು 41(1)ರ ಕೆಳಗೆ ನೇರವಾಗಿ ಬರುತ್ತಾರೆ. ಮರಳಿ ಬಂದದ್ದು ಆ ವರ್ಷದ ಲಾಭಕ್ಕೆ ಸೇರಬೇಕು. ತಾವೇ ವಾಸಿಸುವ ಮನೆಗೆ ತೆರಿಗೆ ಕಟ್ಟಿದವರಿಗೆ ಅದರಿಂದ ಯಾವ ಕಡಿತವೂ ಸಿಕ್ಕಿರುವುದಿಲ್ಲ, ಹಾಗಾಗಿ ಚಿಂತೆಯೂ ಇಲ್ಲ. ಕಷ್ಟ ಇರುವುದು ಬಾಡಿಗೆಗೆ ಕೊಟ್ಟವರದು. 23ನೇ ಕಲಮಿನಂತೆ ಮಾಲೀಕ ನಿಜವಾಗಿ ಕಟ್ಟಿದ ಪಾಲಿಕೆ ತೆರಿಗೆಯನ್ನು ಕಟ್ಟಿದ ವರ್ಷವೇ ಬಾಡಿಗೆಯಿಂದ ಕಳೆಯಬಹುದು. ಉಳಿದ ಮೊತ್ತದಲ್ಲಿ ಶೇ. 30ರಷ್ಟು ರಿಪೇರಿ ಇತ್ಯಾದಿಗೆಂದು ಪ್ರತ್ಯೇಕವಾಗಿ ಬಿಟ್ಟುಕೊಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಪಾಲಿಕೆಗೆ 20,000 ರೂಪಾಯಿ ಹೆಚ್ಚು ಕಟ್ಟಿ ಅದನ್ನು ಬಾಡಿಗೆಯಿಂದ ಕಳೆದಿದ್ದೀರಿ ಎನ್ನೋಣ. ಶೇ. 30ರ ಕಡಿತವೂ ಅಷ್ಟರ ಮಟ್ಟಿಗೆ ಕಿರಿದಾಗುವುದರಿಂದ ನಿಮ್ಮ ಆದಾಯ ಇಳಿದದ್ದು 14,000 ಮಾತ್ರ. ಈಗ ಮರಳಿ ಬಂದ ಪೂರ್ತಿ 20,000ವನ್ನು ಇತರ ಆದಾಯದ ಅಂಕಣಕ್ಕೆ ಹಾಕಿದರೆ, ಪಡೆದ ಲಾಭಕ್ಕಿಂತ ಹೆಚ್ಚು ತೆತ್ತಂತಾಯಿತು. 41(1) ಇರುವುದು ವ್ಯಾಪಾರದ ಅಧ್ಯಾಯದಲ್ಲಿ, 59ನೇ ಕಲಮು ಅದನ್ನು ಇತರ ಮೂಲಗಳ ಆದಾಯಕ್ಕೆ ವಿಸ್ತರಿಸುತ್ತದೆ. ಮನೆ ಬಾಡಿಗೆಯ ಅಧ್ಯಾಯದಲ್ಲಾಗಲಿ ಸಂಬಳದ ಅಧ್ಯಾಯದಲ್ಲಾಗಲಿ ಅಂಥ ಕಲಮೇ ಇಲ್ಲ. ಕಾಯ್ದೆ ಬರೆದವರು ವ್ಯಾಪಾರಿಯ ಜಾಣತನಕ್ಕೆ ಬಾಗಿಲು ಹಾಕಿದರು, ಬಾಡಿಗೆಯ ಮನೆಯವನನ್ನು ಮರೆತರು ಎಂದೇ ನನಗೆ ಅನಿಸುತ್ತದೆ.

ನ್ಯೂಜೆರ್ಸಿಯಲ್ಲೋ ಓಹಾಯೋದಲ್ಲೋ ಇರುವ ನಮ್ಮವರಿಗೆ ಈ ವಿಷಯ ಬೇರೆ ದಾರಿಯಲ್ಲಿ ಗೊತ್ತು. ಅಲ್ಲಿ ರಾಜ್ಯಕ್ಕೆ ಆದಾಯ ತೆರಿಗೆ, ಕೆಲವೆಡೆ ಊರಿಗೂ ಆದಾಯ ತೆರಿಗೆ. ಅದು ಮರಳಿ ಬಂದಾಗ ಸಾಫ್ಟ್‌ವೇರ್ ಮೊದಲು ಕೇಳುವುದು ಹೋದ ವರ್ಷದ ವಿಚಾರ: ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಿದ್ದಿರೋ, ಇಡಿಯಾದ ಸ್ಟಾಂಡರ್ಡ್ ಕಡಿತ ತೆಗೆದುಕೊಂಡಿರೋ? ಎರಡನೆಯದಾದರೆ ಮರಳಿದ ಹಣಕ್ಕೆ ತೆರಿಗೆಯಿಲ್ಲ. ಮೊದಲನೆಯದಾದರೂ, ಎಷ್ಟು ಲಾಭವಾಗಿತ್ತೋ ಅಷ್ಟಕ್ಕೆ ಮಾತ್ರ. ನಮ್ಮಲ್ಲಿ ಗ್ರಾಂಟ್ ರೋಡಿನ ಬಾಡಿಗೆ ಮಾಲೀಕನಿಗೆ ಸಿಗದ ನ್ಯಾಯ ಅದು.

ನಮ್ಮಲ್ಲಿ ಊರಿನ ಆದಾಯ ತೆರಿಗೆ ಇಲ್ಲವೇ? ಹೆಸರು ಬದಲಿಸಿಕೊಂಡು ಇದೆ, ವೃತ್ತಿ ತೆರಿಗೆ ಎಂದು. 1939ರಲ್ಲಿ ಸಂಯುಕ್ತ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ಉದ್ಯೋಗ ತೆರಿಗೆಯ ಮಸೂದೆ ತಂದಾಗ, ಇದು ಬೇರೆ ವೇಷದ ಆದಾಯ ತೆರಿಗೆಯೇ ಎಂದು ಗದ್ದಲವಾಯಿತು. ಬ್ರಿಟಿಷರು ವರ್ಷಕ್ಕೆ 50 ರೂಪಾಯಿಯ ಮಿತಿ ಹಾಕಿದರು. ಸಂವಿಧಾನದ 276ನೇ ವಿಧಿ ಅದನ್ನು 250ಕ್ಕೆ ಏರಿಸಿತು, 1988ರ 60ನೇ ತಿದ್ದುಪಡಿ 2,500ಕ್ಕೆ. ಇವತ್ತಿಗೂ ಅಷ್ಟೇ. ಮಹಾರಾಷ್ಟ್ರ 1975ರಲ್ಲಿ ಈ ತೆರಿಗೆ ತಂದದ್ದು 1972ರ ಬರದ ನಂತರದ ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲು. ಮುಂಬಯಿಯ ಉಡುಪಿ ಹೋಟೆಲಿನ ಕ್ಯಾಷಿಯರನ ಸಂಬಳದಿಂದ ಹಿಡಿದ ರೂಪಾಯಿ ಮರಾಠವಾಡದಲ್ಲಿ ರಸ್ತೆಗೆ ಮಣ್ಣು ಹೊತ್ತವರ ಕೂಲಿಗೆ ಹೋದದ್ದು ಹೀಗೆ. ಈ ತೆರಿಗೆಯನ್ನು ಸಂಬಳದವರು ಹಳೆಯ ಪದ್ಧತಿಯಲ್ಲಿ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಆಗದು. ಹೊಸ ಪದ್ಧತಿಯವರಿಗೆ ತಪ್ಪಾಗಿ ಹಿಡಿದ ವೃತ್ತಿ ತೆರಿಗೆ ಮರಳಿದರೆ ಯೋಚಿಸುವಂಥದ್ದೇನೂ ಇಲ್ಲ.

ಇನ್ನು ಎಲ್ಲರಿಗೂ ಬರುವ ರೀಫಂಡು, ಆದಾಯ ತೆರಿಗೆಯದ್ದೇ. ಅದನ್ನು ಯಾರೂ ಖರ್ಚೆಂದು ಕಳೆದಿರುವುದಿಲ್ಲ, ಹಾಗಾಗಿ ಅಸಲಿಗೆ ತೆರಿಗೆಯಿಲ್ಲ. ಆದರೆ ಅದರ ಜೊತೆ 244ಎ ಕಲಮಿನಂತೆ ಬರುವ ಬಡ್ಡಿ, ಈಗ ತಿಂಗಳಿಗೆ ಶೇ. 0.5, ಆದಾಯವೇ. ಬ್ಯಾಂಕಿನ ಖಾತೆಗೆ ಎರಡೂ ಒಂದೇ ಮೊತ್ತವಾಗಿ ಬೀಳುತ್ತವೆ. ಬಿಡಿಸಿ ನೋಡಬೇಕಾದರೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ ಬರುವ 143(1)ರ ತಿಳುವಳಿಕೆ ಪತ್ರವನ್ನೇ ತೆರೆಯಬೇಕು. ಬಡ್ಡಿ ಮುಂದೆ ಕಡಿಮೆಯಾಗಬಹುದಲ್ಲ, ಆಗ ತೆರಿಗೆ ಕಟ್ಟಿದ್ದು ದಂಡವಾಗದೇ ಎಂಬ ಪ್ರಶ್ನೆಗೆ ಮುಂಬಯಿಯ ಆದಾಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ 2006ರಲ್ಲಿ ಆವಾಡಾ ಟ್ರೇಡಿಂಗ್ ಪ್ರಕರಣದಲ್ಲಿ ಉತ್ತರಿಸಿತು: ಕೊಟ್ಟ ವರ್ಷವೇ ಬಡ್ಡಿಗೆ ತೆರಿಗೆ, ಮುಂದೆ ಬಡ್ಡಿ ಕಿತ್ತುಕೊಂಡರೆ ಹಳೆಯ ಲೆಕ್ಕ ತಿದ್ದಿಸಿಕೊಳ್ಳಿ.

ಈ ಬಡ್ಡಿಯ ಮಾಹಿತಿ ಇಲಾಖೆಯ ಬಳಿ ಇರುವುದರಿಂದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಪಾಲಿಕೆ ಮರಳಿಸಿದ ಹಣ, ಅದನ್ನು ಎಂದೋ ಬಾಡಿಗೆಯಿಂದ ಕಳೆದಿದ್ದೇವೆಂಬ ವಿಚಾರ, ಇವನ್ನು ಸಾಫ್ಟ್‌ವೇರು ತಾನಾಗಿ ಜೋಡಿಸಲಾರದು. ಹಳೆಯ ರಿಟರ್ನ್ ಪ್ರತಿ, ಪಾಲಿಕೆಯ ರಸೀದಿ ಎರಡನ್ನೂ ಲೆಕ್ಕಪರಿಶೋಧಕರ ಮುಂದಿಡಬೇಕಾದದ್ದು ನಾವೇ. ಕೇಳುವ ಹಕ್ಕಿದ್ದರೆ ಹಣವನ್ನು ಕೈಗೆ ಪಡೆಯುವ ಬದಲು ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಳ್ಳಲು ಕೇಳುವುದು ಬಾಡಿಗೆ ಮಾಲೀಕರಿಗೆ ಒಳ್ಳೆಯದು. ಆ ವರ್ಷ ನಿಜವಾಗಿ ಕಟ್ಟುವ ತೆರಿಗೆ ಅಷ್ಟು ಕಡಿಮೆಯಾಗುತ್ತದೆ, ಬಾಡಿಗೆಯಿಂದ ಕಳೆಯುವುದೂ ಅಷ್ಟೇ ಕಡಿಮೆಯಾಗುತ್ತದೆ, 20,000ದ ಜಾಗದಲ್ಲಿ 14,000ವೇ ಆದಾಯಕ್ಕೆ ಸೇರುತ್ತದೆ.