ಜಿಗಿತದ ಆಟಗಳು: ಬಿದ್ದರೆ ತಪ್ಪು ಯಾರದು?

ಈ ಸಲ ದೀಪಾವಳಿಗೆ ಹೈದರಾಬಾದಿನಿಂದ ಮಗ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಗೇಮ್ ಹಾಕಿಕೊಂಡು ಬಂದು, "ಅಪ್ಪಾ, ಇದು ನಿಮ್ಮ ಕಾಲದ ಆಟದ್ಹಂಗ ಅದ, ಆಡಿ ನೋಡ್ರಿ" ಎಂದ. ಪರದೆಯ ಮೇಲೆ ಪುಟ್ಟ ಹುಡುಗಿ, ಎದುರಿಗೆ ದೊಡ್ಡ ಬೆಟ್ಟ. ಹತ್ತು ನಿಮಿಷದಲ್ಲಿ ಮೂವತ್ತು ಸಲವಾದರೂ ಬಿದ್ದಿರಬೇಕು ನಾನು. "ಐವತ್ತೇಳನೇ ವರ್ಷಕ್ಕ ಇದೇನ್ರೀ ಹುಡುಗಾಟ?" ಅಂತ ಅಡುಗೆಮನೆಯಿಂದ ಮಾತು ಬಂತು.

ಹುಡುಗಾಟವೇ ಸರಿ. ಆದರೆ ಈ ಹುಡುಗಾಟಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಮನೆಯದೂ ಸ್ವಲ್ಪ ಸೇರಿಕೊಂಡಿದೆ. ಗೇಮ್ ಎಂದರೆ ಮೂಗು ಮುರಿಯುವವರು ಇವತ್ತೊಂದು ದಿನ ಸೈರಿಸಿಕೊಳ್ಳಬೇಕು.

ಓಡುವುದು, ಗುಂಡಿ ದಾಟುವುದು, ಈ ಕಟ್ಟೆಯಿಂದ ಆ ಕಟ್ಟೆಗೆ ಹಾರುವುದು... ಇಂಥ ಆಟಗಳಿಗೆ ಪ್ಲಾಟ್‌ಫಾರ್ಮರ್ ಅನ್ನುತ್ತಾರೆ. 1980ರ 'ಸ್ಪೇಸ್ ಪ್ಯಾನಿಕ್'ನಲ್ಲಿ ಅಂತಸ್ತುಗಳೂ ಏಣಿಗಳೂ ಇದ್ದವು, ಜಿಗಿತ ಇರಲಿಲ್ಲ. ಜಿಗಿತಕ್ಕೆ ಹೆಸರು ತಂದದ್ದು 1981ರ 'ಡಾಂಕಿ ಕಾಂಗ್'. ಅದು ಹುಟ್ಟಿದ ಕತೆ ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ. ಜಪಾನಿನ ನಿಂಟೆಂಡೊ ಕಂಪನಿ 'ರೇಡಾರ್ ಸ್ಕೋಪ್' ಎಂಬ ಆಟದ ಸುಮಾರು 3000 ಯಂತ್ರಗಳನ್ನು ಅಮೆರಿಕಕ್ಕೆ ಕಳಿಸಿತ್ತು. ಅವುಗಳಲ್ಲಿ ಸುಮಾರು 2000 ಮಾರಾಟವಾಗದೆ ಗೋದಾಮಿನಲ್ಲೇ ಕೂತವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎನ್‌ಪಿಎ! ಅದೇ ಪೆಟ್ಟಿಗೆಗಳಿಗೆ ಹೊಸ ಆಟ ತುಂಬುವ ಕೆಲಸ ಶಿಗೆರು ಮಿಯಾಮೊಟೊ ಎಂಬ ತರುಣ ಕಲಾವಿದನ ಪಾಲಿಗೆ ಬಂತು. ಚಿತ್ರ ಬಿಡಿಸಲು ಇದ್ದ ಚುಕ್ಕಿಗಳು ಬೆರಳೆಣಿಕೆಯಷ್ಟು. ಬಾಯಿ ಬರೆಯಲು ಜಾಗ ಸಾಲದು, ಮೀಸೆ ಇಟ್ಟ. ಕೂದಲು ಬಿಡಿಸುವುದು ಕಷ್ಟ, ಟೋಪಿ ಹಾಕಿದ. ಆ ಮೀಸೆಯವನೇ ಮುಂದೆ ಮಾರಿಯೊ ಆದದ್ದು.

1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್' ಬಂತು. 32 ಹಂತಗಳ ಇಡೀ ಆಟ ಕೂತದ್ದು ಕೇವಲ 40 ಕಿಲೋಬೈಟ್‌ನಲ್ಲಿ. ಇವತ್ತು ಬೆಳಿಗ್ಗೆ ಎದ್ದ ಕೂಡಲೆ ಮೊಬೈಲಿಗೆ ಬಂದು ಬೀಳುವ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಆ ಆಟದ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಹಾಗೆ. ಆದರೆ ಜಿಗಿತದಲ್ಲಿ ಮಾತ್ರ ಜಿಪುಣತನವಿಲ್ಲ. ಗುಂಡಿಯನ್ನು ಸ್ವಲ್ಪ ಒತ್ತಿದರೆ ಸಣ್ಣ ನೆಗೆತ, ಹಿಡಿದು ಒತ್ತಿದರೆ ದೊಡ್ಡದು, ಗಾಳಿಯಲ್ಲಿರುವಾಗಲೂ ಒಂದಿಷ್ಟು ದಿಕ್ಕು ತಿರುಗಿಸಬಹುದು. ಹೀಗಾಗಿ ಬಿದ್ದರೆ ತಪ್ಪು ನಮ್ಮದೇ. ಲೆಡ್ಜರ್ ತಾಳೆಯಾಗದಿದ್ದರೆ ಲೆಡ್ಜರನ್ನು ಬೈದು ಪ್ರಯೋಜನವಿಲ್ಲ, ಹುಡುಕಿದರೆ ನಾವೇ ಬರೆದ ಒಂದು ತಪ್ಪು ಅಂಕಿ ಸಿಕ್ಕೇ ಸಿಗುತ್ತದೆ. ಒಳ್ಳೆಯ ಜಿಗಿತದ ಆಟವೂ ಹಾಗೆಯೇ ಎಂಬುದು ಈ ಬಿ.ಕಾಂ. ಪಂಡಿತನ ಸಿದ್ಧಾಂತ.

ನನಗೆ ಮೊದಲು ಸಿಕ್ಕ ಆಟ ಮಾರಿಯೊ ಅಲ್ಲ, 'ಪ್ರಿನ್ಸ್ ಆಫ್ ಪರ್ಶಿಯಾ'. ಧಾರವಾಡ ಬಿಟ್ಟು 1993ರಲ್ಲಿ ಪುಣೆಗೆ ಬಂದಾಗ ನಮ್ಮ ಶಾಖೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದಕ್ಕೊಂದು ಬೇರೆ ಕೋಣೆ, ಮೇಲೆ ಬಟ್ಟೆಯ ಹೊದಿಕೆ, ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ದೇವರ ಕೋಣೆಯೇ ಸೈ! ಸಂಜೆ ಕ್ಯಾಶ್ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಜೇಬಿನಿಂದ ಫ್ಲಾಪಿ ತೆಗೆಯುತ್ತಿದ್ದರು. 60 ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪ್ ಮಾಡಿ ಹಂತಗಳನ್ನು ಹಾರಿಸಿಕೊಂಡು ಹೋಗುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು!

ಆ ರಾಜಕುಮಾರನಿಗೆ ಮಾರಿಯೊನಂತೆ ಗಾಳಿಯಲ್ಲಿ ತಿರುಗಲು ಬರುವುದಿಲ್ಲ. ಮನುಷ್ಯನಂತೆ ಭಾರವಾಗಿ ಓಡುತ್ತಾನೆ, ಅಂಚು ಹಿಡಿದು ಜೋತಾಡುತ್ತಾನೆ. ಅಮೆರಿಕದ ಜೋರ್ಡನ್ ಮೆಕ್ನರ್ ಎಂಬಾತ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ವಿಡಿಯೊದಲ್ಲಿ ಹಿಡಿದು, ಒಂದೊಂದೇ ಚೌಕಟ್ಟನ್ನು ನೋಡಿ ಚಿತ್ರ ಮಾಡಿದ್ದು ಇದಕ್ಕೆ ಕಾರಣ. 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂದಾಗ ಆ ಯಂತ್ರದ ಕಾಲವೇ ಮುಗಿಯುತ್ತಿತ್ತು. ಆಟ ಉಳಿದದ್ದು ಆಮೇಲೆ ಬೇರೆ ಕಂಪ್ಯೂಟರುಗಳಿಗೆ ಹೋದದ್ದರಿಂದ. ಸಂಗೀತ ಮಾಡಿದ್ದು ಮೆಕ್ನರ್‌ನ ತಂದೆ. ಕಳೆದುಹೋಯಿತು ಎಂದುಕೊಂಡಿದ್ದ ಮೂಲ ಪ್ರೋಗ್ರಾಮಿನ ಫ್ಲಾಪಿಗಳು 2012ರಲ್ಲಿ ಸಿಕ್ಕಾಗ, ಹುಡುಕಿಕೊಟ್ಟದ್ದೂ ಅದೇ ತಂದೆ. ಒಟ್ಟಿನಲ್ಲಿ ಮನೆಮಂದಿಯೆಲ್ಲ ಸೇರಿ ಮಾಡಿದ ಆಟ.

ನಮ್ಮ ಮನೆಗೆ ಆಟ ಬಂದದ್ದು 2003ರಲ್ಲಿ. ಮಗನಿಗೆ ಏಳು ವರ್ಷ. ಜಾತ್ರೆಯಂಥ ಒಂದು ಮಾರಾಟ ಮೇಳದಲ್ಲಿ ನಿಂಟೆಂಡೊ ಯಂತ್ರದ ನಕಲು 'ಟಿವಿ ಗೇಮ್' ಕೊಂಡೆ. ಕ್ಯಾಸೆಟ್ಟಿನ ಮೇಲೆ 9999 ಆಟಗಳು ಅಂತ ಬರೆದಿತ್ತು. ಒಳಗೆ ಇದ್ದದ್ದು ಹತ್ತೋ ಹನ್ನೆರಡೋ, ಅವೇ ತಿರುತಿರುಗಿ ಬರುತ್ತಿದ್ದವು! ಆದರೆ ಅದರಲ್ಲಿ ಮಾರಿಯೊ ಇದ್ದ, ಅಷ್ಟು ಸಾಕಾಯಿತು. ಮಗನಿಗೆ ಶಾಲೆಯಲ್ಲಿ ಮರಾಠಿ, ಗೆಳೆಯರ ಜೊತೆ ಹಿಂದಿ. ಕನ್ನಡವೆಂದರೆ ಟಿವಿಯ ಮುಂದೆ ನನ್ನ ಪಕ್ಕ ಕೂತು ಕಲಿತದ್ದು: ತಡಿ, ಬಗ್ಗು, ಓಡು, ಈಗ ಜಿಗಿ! ಬಿದ್ದಾಗಲೆಲ್ಲ ನಾನು ಮಾತ್ರ ನನ್ನ ಲೆಡ್ಜರ್ ಬುದ್ಧಿ ತೋರಿಸುತ್ತಿದ್ದೆ. "ಕಣ್ಣು ಎಲ್ಲಿಟ್ಟಿದ್ದಿ? ತಪ್ಪು ನಿಂದ." ಪರೀಕ್ಷೆಯ ಅಂಕಗಳಿಗೂ ಅದೇ ಮಾತು. ಹತ್ತನೇ ಇಯತ್ತೆಗೆ ಬಂದಾಗ, ಓದಿಗೆ ಅಡ್ಡ ಅಂತ ಅವನನ್ನು ಕೇಳದೆಯೇ ಆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟೆ. ಅವನು ಜಗಳವಾಡಲಿಲ್ಲ. ಆಮೇಲೆ ನಮ್ಮ ನಡುವೆ ಉಳಿದ ಕನ್ನಡ, "ಊಟ ಆತಾ?", "ಆತು".

ಇರಲಿ. ನಿರಾಸೆ ತಂದ ಆಟಗಳ ವಿಷಯಕ್ಕೆ ಬರೋಣ. ಮೊದಲನೆಯದು ಮಾರಿಯೊನದೇ. 1986ರಲ್ಲಿ ಜಪಾನಿನಲ್ಲಿ ಬಂದ ಎರಡನೇ ಭಾಗದಲ್ಲಿ ಅಣಬೆ ತಿಂದರೆ ವಿಷ, ಗಾಳಿ ಬೀಸಿ ಜಿಗಿತದ ಲೆಕ್ಕವನ್ನೇ ಕೆಡಿಸುತ್ತದೆ, ಅಡ್ಡದಾರಿ ಹಿಡಿದರೆ ಕೆಲವೊಮ್ಮೆ ಹಿಂದಕ್ಕೇ ಒಯ್ಯುತ್ತದೆ. ಇದು ಕಷ್ಟವಲ್ಲ, ಮೋಸ. ನಿಂಟೆಂಡೊದ ಅಮೆರಿಕ ಶಾಖೆಯೇ ಇದನ್ನು ಬೇಡವೆಂದು, 1988ರಲ್ಲಿ ಬೇರೊಂದು ಆಟಕ್ಕೆ ಮಾರಿಯೊನ ವೇಷ ಹಾಕಿ ಮಾರಿತು.

ಎರಡನೆಯದು ಸೆಗಾ ಕಂಪನಿಯ 'ಸೋನಿಕ್'. 1991ರ ಮೊದಲ ಆಟದ ವೇಗ ಕಣ್ಣಿಗೆ ಹಬ್ಬ, ಆದರೆ ಅದೇ ವೇಗದಲ್ಲಿ ಎದುರಿನ ಮುಳ್ಳು ಕಾಣುವುದು ಚುಚ್ಚಿದ ಮೇಲೆ. ಆದರೂ ಅದಕ್ಕೆ ಪಾಸ್ ಮಾರ್ಕ್ಸ್ ಕೊಡುತ್ತೇನೆ. 15ನೇ ವರ್ಷದ ನೆನಪಿಗೆಂದು 2006ರಲ್ಲಿ ತಂದ 'ಸೋನಿಕ್' ಮಾತ್ರ ಶುದ್ಧ ಅವಸರದ ಅಡುಗೆ. ಹಬ್ಬದ ಮಾರಾಟಕ್ಕೆ ತಲುಪಿಸುವ ಗಡಿಬಿಡಿಯಲ್ಲಿ ತಪ್ಪುಗಳು ಹಾಗೇ ಉಳಿದವು. ನೆಲದ ಮೇಲೆ ನಿಂತವನೇ ನೆಲದೊಳಗೆ ಬೀಳುತ್ತಾನೆ. ಇಲ್ಲಿ ತಪ್ಪು ಯಾರದು ಹೇಳಿ?

ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. 2003ರಲ್ಲಿ ಮಾಂಟ್ರಿಯಲ್‌ನಲ್ಲಿ ತಯಾರಾದ 'ಪ್ರಿನ್ಸ್ ಆಫ್ ಪರ್ಶಿಯಾ: ದ ಸ್ಯಾಂಡ್ಸ್ ಆಫ್ ಟೈಮ್'ನಲ್ಲಿ ರಾಜಕುಮಾರನಿಗೆ ಒಂದು ಕಠಾರಿ ಇದೆ. ಬಿದ್ದರೆ ಕಾಲವನ್ನೇ ಸ್ವಲ್ಪ ಹಿಂದಕ್ಕೆ ತಿರುಗಿಸಬಹುದು. ಅದನ್ನು ಹೊಸದಾಗಿ ಮಾಡುವ ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬಯಿ ಸ್ಟುಡಿಯೊಗಳಿಗೆ ಸಿಕ್ಕಿದೆ ಅಂತ 2020ರ ಸೆಪ್ಟೆಂಬರಿನಲ್ಲಿ ಸುದ್ದಿ ಬಂದಾಗ ನನಗೆ ಎಷ್ಟು ಹೆಮ್ಮೆ! ನನ್ನ ರಾಜಕುಮಾರ ನಮ್ಮೂರಿಗೇ ಬಂದನಲ್ಲ ಅಂತ. ಆದರೆ ಮೊದಲ ಟ್ರೇಲರ್ ನೋಡಿದ ಲೋಕ ಚಿತ್ರಗಳನ್ನು ಹೀಯಾಳಿಸಿತು, ಬಿಡುಗಡೆ ಮುಂದೆ ಹೋಯಿತು, 2022ರ ಮೇನಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಟ್ರೇಲರ್ ನನಗೂ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಇಲ್ಲಿಯ ಹುಡುಗರಿಗೆ ಒಂದು ಸಲ ಬಿದ್ದು ಏಳುವಷ್ಟು ಸಮಯ ಸಿಗಬೇಕಿತ್ತು ಅನ್ನಿಸಿತು.

ಹೀಗೆ ಅನ್ನಿಸಿದ್ದೇ ನನಗೆ ಆಶ್ಚರ್ಯ. ತಪ್ಪು ಬಿದ್ದವನದೇ ಅನ್ನುತ್ತಿದ್ದವನು ನಾನೇ ಅಲ್ಲವೇ?

ಮಗ ತಂದ ಆಟದ ಹೆಸರು 'ಸೆಲೆಸ್ಟ್'. 2018ರದ್ದು, ಸಣ್ಣ ತಂಡ ಮಾಡಿದ್ದು. ತುಂಬ ಕಷ್ಟದ ಆಟ. ಆದರೆ ಅದರೊಳಗೆ ಒಂದು ಗುಟ್ಟಿದೆ ಅಂತ ಮಗ ತೋರಿಸಿದ. ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಕಣ್ಣು ಮಿಟುಕಿಸುವುದರೊಳಗೆ ಒತ್ತಿದರೆ ಜಿಗಿತ ಸಿಗುತ್ತದೆ. ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ಕಾರ್ಟೂನಿನ ತೋಳ ಬಂಡೆ ಮುಗಿದ ಮೇಲೂ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದಲ್ಲ, ಅದರಿಂದ ಬಂದ ಹೆಸರು. ಆಡುವವನಿಗೆ ಗೊತ್ತೇ ಆಗುವುದಿಲ್ಲ, ತಾನೇ ಸರಿಯಾಗಿ ಹಾರಿದೆ ಅಂದುಕೊಳ್ಳುತ್ತಾನೆ.

ಮೂವತ್ತು ವರ್ಷಗಳಿಂದ ಗಿರಾಕಿಗಳಿಗೆ ಗ್ರೇಸ್ ಪೀರಿಯಡ್ ವಿವರಿಸುತ್ತ ಬಂದವನು ನಾನು. ಕಂತಿನ ತಾರೀಖು ದಾಟಿದರೂ ನಾಲ್ಕು ದಿನದ ರಿಯಾಯಿತಿ. ಮನೆಯ ಹುಡುಗನಿಗೆ ಒಂದು ದಿನವೂ ಕೊಡಲಿಲ್ಲ.

ಮೂವತ್ತೊಂದನೇ ಸಲವೂ ಬಿದ್ದೆ. ಕಣ್ಣು ಎಲ್ಲಿಟ್ಟೀರಿ ಅಂತ ಅವನು ಕೇಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ತಡೀರಿ ಅಪ್ಪಾ... ಅಂಚಿನ ತನಕಾ ಹೋಗ್ರಿ... ಈಗ ಜಿಗೀರಿ" ಎಂದ.

ಜಿಗಿದೆ. ಆಚೆ ಕಡೆ ಕಾಲು ಸಿಕ್ಕಿತು.