ಷರೀಫರ ಪದಕ್ಕೆ ಗಿಟಾರ್ ಸೇರಿದಾಗ

ಸಿನಿಮಾಕ್ಕೆ ಸೇರದ ಕನ್ನಡ ಹಾಡನ್ನು ಕೇಳುಗರು ಬಹುಕಾಲ ಅಳೆದದ್ದು ಸಾಹಿತ್ಯದಿಂದ. ಪದ ಯಾರದು, ರಾಗ ಅದರ ಭಾವವನ್ನು ಎತ್ತಿಹಿಡಿಯಿತೇ ಎಂಬುದೇ ಮೊದಲ ಪ್ರಶ್ನೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಈ ರೂಢಿ ಇನ್ನೂ ಗಟ್ಟಿಯಾಯಿತು. ಶಿಶುನಾಳ ಷರೀಫರ (1819–1889) ತತ್ವಪದಗಳಿಗೆ ಸಿ. ಅಶ್ವತ್ಥ್ ಕೊಟ್ಟ ಧಾಟಿ, 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರದೊಂದಿಗೆ ನಾಡಿನ ಮೂಲೆಮೂಲೆ ಸೇರಿತು. ಷರೀಫರೆಂದರೆ ಅಶ್ವತ್ಥರ ದನಿಯೇ ಎನ್ನುವಷ್ಟು ಅದು ಕೇಳುಗರ ಕಿವಿಯಲ್ಲಿ ನೆಲೆಸಿತು.

ಅದೇ ಕಾಲದ ಬೆಂಗಳೂರಿನಲ್ಲಿ ರಾಕ್ ಬೇರೆಯೇ ಒಂದು ಲೋಕವಾಗಿತ್ತು. ಆರ್‌ಪಿಸಿ ಲೇಔಟ್, ವಿಜಯನಗರ, ರಾಜಾಜಿನಗರದ ಗಣೇಶೋತ್ಸವದ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರು ಚಿತ್ರಗೀತೆ ಹಾಡುತ್ತಿದ್ದರೆ, ರಾಕ್ ತಂಡಗಳು ಕಬ್ಬನ್ ಪಾರ್ಕ್, ಅರಮನೆ ಮೈದಾನ, ಕಾಲೇಜು ಉತ್ಸವ ಮತ್ತು ಪಬ್ಬುಗಳಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತಿದ್ದವು. 1996ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಸ್ವಂತ ಹಾಡುಗಳನ್ನೇ ನೆಚ್ಚಿಕೊಂಡ ತಂಡ. ಇಂಥವರ ಆಲ್ಬಂಗಳ ವಿಮರ್ಶೆಗೆ ಆಸರೆಯಾದದ್ದು 1993ರಲ್ಲಿ ಅಲಹಾಬಾದಿನಲ್ಲಿ ಶುರುವಾದ 'ರಾಕ್ ಸ್ಟ್ರೀಟ್ ಜರ್ನಲ್', ಆಮೇಲೆ 2008ರಲ್ಲಿ ಬಂದ 'ರೋಲಿಂಗ್ ಸ್ಟೋನ್' ಪತ್ರಿಕೆಯ ಭಾರತೀಯ ಆವೃತ್ತಿ. ಎರಡೂ ಇಂಗ್ಲಿಷಿನವು. ವಾದ್ಯಗಾರಿಕೆ, ಧ್ವನಿಮುದ್ರಣದ ಗುಣ, ತಂಡದ ಸ್ವಂತಿಕೆ ಅಲ್ಲಿನ ಮಾನದಂಡ.

ಈ ಎರಡು ಅಳತೆಗೋಲುಗಳೂ ಒಂದೇ ಆಲ್ಬಮ್ಮಿಗೆ ತಗುಲಿದ್ದು 2008ರಲ್ಲಿ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಅವರ 'ಅಂತರಾಗ್ನಿ' ಆಲ್ಬಮ್ಮಿಗೆ ಧ್ವನಿಮುದ್ರಣ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆದಿರಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ಅದನ್ನು ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ' ಇದ್ದವು. ಕನ್ನಡ ಕೇಳುಗರ ಪಾಲಿಗೆ ಪರೀಕ್ಷೆ ಇದ್ದದ್ದು ಇಲ್ಲಿಯೇ. ಗುಡುಗುಡಿಯ ನೆಪದಲ್ಲಿ ದೇಹದ ಮಾತನ್ನೂ, ಸೋರುವ ಮಾಳಿಗೆಯ ನೆಪದಲ್ಲಿ ಅಜ್ಞಾನದ ಮಾತನ್ನೂ ಆಡುವ ಪದಗಳು ಇವು. ಗಿಟಾರ್, ಡ್ರಮ್ಸಿನ ಅಬ್ಬರದಲ್ಲಿ ಆ ಒಳದನಿ ಉಳಿಯುತ್ತದೆಯೇ ಎಂಬ ಅನುಮಾನಕ್ಕೆ ಅರ್ಥವಿತ್ತು. ಆದರೆ ತತ್ವಪದ ಮೊದಲಿಂದಲೂ ಭಜನೆಯ ಗುಂಪಿನಲ್ಲಿ, ಏಕತಾರಿ–ದಮ್ಮಡಿಯ ಗತ್ತಿನಲ್ಲಿ ಬದುಕಿದ್ದು. ಲಯ ಅದಕ್ಕೆ ಹೊಸದಲ್ಲ. ರಘು ಪದದ ಉಚ್ಚಾರವನ್ನು ಮುಂದಿಟ್ಟು ವಾದ್ಯಗಳನ್ನು ಹಿಂದಿಟ್ಟ ಕಡೆಗಳಲ್ಲಿ ಹಾಡು ಗೆದ್ದಿದೆ. ಅಶ್ವತ್ಥರ ಧಾಟಿಯೊಡನೆ ಹೋಲಿಸುವವರು ಇಂದಿಗೂ ಹೋಲಿಸುತ್ತಾರೆ, ಅದು ಸಹಜ. ಆದರೆ ಕಾಲೇಜು ವೇದಿಕೆಯಲ್ಲಿ ಷರೀಫರನ್ನು ಒಕ್ಕೊರಲಿನಲ್ಲಿ ಹಾಡುವ ಹೊಸ ತಲೆಮಾರು ಹುಟ್ಟಿದ್ದು ಈ ಆಲ್ಬಮ್ಮಿನಿಂದ ಎಂಬುದನ್ನು ಅಲ್ಲಗಳೆಯಲಾಗದು.

ಹೊರದೇಶದ ಪ್ರತಿಕ್ರಿಯೆಯ ಹಾದಿ ಬೇರೆ. 2010ರಲ್ಲಿ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ರಘು ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್‌ನ ವರ್ಲ್ಡ್ ಮ್ಯೂಸಿಕ್ ಪಟ್ಟಿಯ ತುದಿಗೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಉತ್ತಮ ಹೊಸಬರ ಪ್ರಶಸ್ತಿ ಕೊಟ್ಟಿತು. ಮಾತು ತಿಳಿಯದ ಕೇಳುಗರಿಗೆ ದನಿ, ಲಯ, ವೇದಿಕೆಯ ಹುರುಪು ಸಾಕಾಯಿತು.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡದ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಅದರಲ್ಲಿ 'ಈ ಭೂಮಿ' ಎಂಬ ಕನ್ನಡ ಹಾಡಿದ್ದರೂ ಹಿಂದಿಯದೇ ಮೇಲುಗೈ. ಕನ್ನಡದ ತಂಡವೊಂದು ಹೆಚ್ಚು ಕನ್ನಡದಲ್ಲಿ ಹಾಡಬೇಕೆಂಬ ಆಸೆ ನ್ಯಾಯವಾದದ್ದೇ. ರಘು 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ ಮತ್ತೆ ಷರೀಫರತ್ತ ಹೊರಳಿದರು. ಅದರ 'ಲೋಕದ ಕಾಳಜಿ' ಅವರ ಕಛೇರಿಗಳಲ್ಲಿ ಜನ ಕೇಳಿ ಹಾಡಿಸುವ ಹಾಡಾಯಿತು.